ಹಿಂಸೆಯ ಪರವೋ ವಿರುದ್ಧವೋ? ತೀವ್ರಗಾಮಿ ಬರಹಗಳಲ್ಲಿ ನಿಲುವು ಗುರುತಿಸುವ ಕ್ರಮ

1881ರ ಮಾರ್ಚ್‌ನಲ್ಲಿ ರಷ್ಯಾದ ‘ನರೋದ್ನಾಯ ವೋಲ್ಯ’ ಎಂಬ ಗುಪ್ತ ಸಂಘಟನೆ ಚಕ್ರವರ್ತಿ ಎರಡನೇ ಅಲೆಕ್ಸಾಂಡರನನ್ನು ಬಾಂಬೆಸೆದು ಕೊಂದಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಗುಂಡೇಟಿನ ಗಾಯದಿಂದ ತೀರಿಕೊಂಡಾಗ, ಅದೇ ಸಂಘಟನೆಯ ಕಾರ್ಯಕಾರಿ ಸಮಿತಿ ಆ ಕೊಲೆಯನ್ನು ಖಂಡಿಸಿ ಹೇಳಿಕೆ ಹೊರಡಿಸಿತು. ವಿಚಾರಗಳ ನಡುವೆ ಮುಕ್ತವಾಗಿ ಸೆಣಸಾಟ ನಡೆಯಬಲ್ಲ, ಜನರೇ ಕಾನೂನನ್ನೂ ಆಳುವವರನ್ನೂ ತೀರ್ಮಾನಿಸಬಲ್ಲ ದೇಶದಲ್ಲಿ ರಾಜಕೀಯ ಕೊಲೆ ಮಾಡುವುದು, ತಾವು ರಷ್ಯಾದಲ್ಲಿ ಕಿತ್ತೊಗೆಯಲು ಹೊರಟಿರುವ ನಿರಂಕುಶತೆಯದೇ ಇನ್ನೊಂದು ಮುಖ ಎಂಬುದು ಅದರ ಸಾರಾಂಶ. ಹಾಗಾದರೆ ಇವರು ಹಿಂಸೆಯ ಪರವೋ ವಿರುದ್ಧವೋ? ಎರಡರಲ್ಲಿ ಯಾವುದನ್ನು ಬರೆದರೂ ತಪ್ಪಾಗುತ್ತದೆ.

ಪ್ರಭುತ್ವದ ವಿರುದ್ಧ ಬಲ ಬಳಸುವುದರ ಬಗ್ಗೆ ತೀವ್ರಗಾಮಿಗಳು ಬರೆದಿರುವುದರಲ್ಲಿ ಬಹುಪಾಲು ಷರತ್ತಿನ ವಾಕ್ಯ: ಇಂಥ ಪರಿಸ್ಥಿತಿ ಇದ್ದರೆ, ಇಂಥವರ ಮೇಲೆ, ಇಷ್ಟರ ಮಟ್ಟಿಗೆ, ಇಂಥವರು ತೀರ್ಮಾನಿಸಿದಂತೆ. ವಾಕ್ಯದ ಒಂದು ತುಂಡನ್ನು ಮಾತ್ರ ಎತ್ತಿಕೊಂಡರೆ ಅದೇ ಮನುಷ್ಯ ಒಂದು ಕಡೆ ಸಂತನಾಗಿ, ಇನ್ನೊಂದು ಕಡೆ ಕೊಲೆಗಡುಕನಾಗಿ ಕಾಣುತ್ತಾನೆ. ಇಡೀ ವಾಕ್ಯವನ್ನು ಹೊರತೆಗೆಯುವ ಕ್ರಮವನ್ನು ಇಲ್ಲಿ ಕೊಟ್ಟಿದ್ದೇವೆ. ಪ್ರಬಂಧ ಬರೆಯುವ ವಿದ್ಯಾರ್ಥಿಗಳು, ವರದಿಗಾರರು, ಅನುವಾದಕರು, ಹಳೆಯ ಕಾಗದಪತ್ರ ಜೋಡಿಸಿಡುವವರು ಇದನ್ನು ನೇರವಾಗಿ ಬಳಸಬಹುದು. ಓದುವವರು ಆ ನಿಲುವನ್ನು ಒಪ್ಪಬೇಕಿಲ್ಲ. ತಪ್ಪಿಲ್ಲದಂತೆ ತಿಳಿದುಕೊಂಡರೆ ಸಾಕು, ಖಂಡಿಸುವುದಕ್ಕೂ ಅದೇ ಬೇಕು.

ಮೊದಲು ಕಾಗದ ಯಾವ ಬಗೆಯದೆಂದು ತಿಳಿಯಿರಿ

ಒಂದೇ ಗುಂಪು ಒಂದೇ ತಿಂಗಳಲ್ಲಿ ಬರೆದ ನಾಲ್ಕು ಕಾಗದಗಳಲ್ಲಿ ನಾಲ್ಕು ದನಿ ಇರಬಹುದು. ಗೋಡೆಗೆ ಅಂಟಿಸುವ ಕರಪತ್ರ ಹುರಿದುಂಬಿಸಲು ಬರೆದದ್ದು, ಅದರಲ್ಲಿ ಷರತ್ತುಗಳು ಉದುರಿಹೋಗಿರುತ್ತವೆ. ಕೋರ್ಟಿನಲ್ಲಿ ಓದಿದ ಹೇಳಿಕೆ ನ್ಯಾಯಾಧೀಶರಿಗೂ ಹೊರಗಿನ ಪತ್ರಿಕೆಗಳಿಗೂ ಒಟ್ಟಿಗೇ ಉದ್ದೇಶಿಸಿದ್ದು. ಅಲ್ಲಿ ಷರತ್ತುಗಳು ಸ್ಪಷ್ಟವಾಗಿರುತ್ತವೆ, ಆದರೆ ಶಿಕ್ಷೆಯ ನೆರಳೂ ಬಿದ್ದಿರುತ್ತದೆ. ಸದಸ್ಯರಿಗೆ ಮಾತ್ರ ಹಂಚಿದ ಸುತ್ತೋಲೆಯಲ್ಲಿ ತತ್ತ್ವಕ್ಕಿಂತ ಲಾಭನಷ್ಟದ ಲೆಕ್ಕಾಚಾರವೇ ಹೆಚ್ಚು. ಇಪ್ಪತ್ತು ವರ್ಷ ಕಳೆದ ಮೇಲೆ ಬರೆದ ನೆನಪುಗಳಲ್ಲಿ ಸೋತವರ ಪಶ್ಚಾತ್ತಾಪವೋ ಗೆದ್ದವರ ಸಮರ್ಥನೆಯೋ ಬೆರೆತಿರುತ್ತದೆ. ಪೊಲೀಸ್ ವಶದಲ್ಲಿದ್ದಾಗ ಕೊಟ್ಟ ತಪ್ಪೊಪ್ಪಿಗೆಯನ್ನು ನಿಲುವಿಗೆ ಆಧಾರವಾಗಿ ತೆಗೆದುಕೊಳ್ಳಲೇಬೇಡಿ. ಅದರಲ್ಲಿ ಯಾವ ಪದ ಯಾರದೆಂದು ಹೇಳಲು ಬರುವುದಿಲ್ಲ.

ಒಂದು ಸಂಘಟನೆಯ ಬಗ್ಗೆ ಬರೆಯಲು ಕನಿಷ್ಠ ಮೂರು ಬಗೆಯ ಕಾಗದ ಇರಲಿ: ಸಾರ್ವಜನಿಕರಿಗೆ ಹೊರಡಿಸಿದ್ದು ಒಂದು, ಕೋರ್ಟಿನದು ಅಥವಾ ಜೈಲಿನದು ಒಂದು, ಒಳಗಿನ ಚರ್ಚೆಯದು ಒಂದು. ಸಿಕ್ಕಿರುವುದು ಕರಪತ್ರ ಮಾತ್ರವಾದರೆ ‘ಸಂಘಟನೆಯ ನಿಲುವು’ ಎಂದು ಬರೆಯಬೇಡಿ. ‘ಕರಪತ್ರದಲ್ಲಿ ಹೀಗಿದೆ’ ಎಂದು ನಿಲ್ಲಿಸಿ.

ಕಾಗದ ಅಸಲಿಯೇ ಎಂಬ ಅನುಮಾನ ಯಾವಾಗಲೂ ಇರಲಿ. ರಷ್ಯಾದ ಸಮಾಜವಾದಿ ಕ್ರಾಂತಿಕಾರಿಗಳ ಹೋರಾಟ ದಳವನ್ನು ವರ್ಷಗಟ್ಟಲೆ ನಡೆಸಿದ ಯೆವ್ನೊ ಅಜೆಫ್ ರಹಸ್ಯ ಪೊಲೀಸರ ಸಂಬಳದ ಮನುಷ್ಯ ಎಂಬುದು 1908-09ರಲ್ಲಿ ಬಯಲಾಯಿತು. ಅಮೆರಿಕದಲ್ಲಿ 1956ರಿಂದ 1971ರವರೆಗೆ ನಡೆದ ‘ಕೋಇಂಟೆಲ್‌ಪ್ರೋ’ ಕಾರ್ಯಕ್ರಮದಡಿ ಎಫ್‌ಬಿಐ ಎಷ್ಟೋ ಖೋಟಾ ಪತ್ರಗಳನ್ನು ಸೃಷ್ಟಿಸಿ, ಹೋರಾಟಗಾರರ ಗುಂಪುಗಳನ್ನು ಒಂದರ ಮೇಲೊಂದು ಎತ್ತಿಕಟ್ಟಿತು. ಆದ್ದರಿಂದ ಅತ್ಯಂತ ರೋಷದ ಕಾಗದ ಎದುರಾದಾಗಲೇ ಅತ್ಯಂತ ನಿಧಾನವಾಗಿ ಓದಿ. ಅದೇ ಗುಂಪಿನ ಬೇರೆ ಬರಹಗಳ ಪದಬಳಕೆಗೆ ಹೊಂದುತ್ತದೆಯೇ? ಆ ಕಾಲದಲ್ಲೇ ಯಾರಾದರೂ ಅದನ್ನು ಅಲ್ಲಗಳೆದಿದ್ದರೇ? ಮೊದಲು ಯಾರ ಕೈಯಿಂದ ಹೊರಬಂತು? ಈ ಮೂರು ಪ್ರಶ್ನೆಗೆ ಉತ್ತರ ಸಿಗದಿದ್ದರೆ ಆ ಕಾಗದವನ್ನು ಪಕ್ಕಕ್ಕಿಡಿ.

ದಿನಾಂಕದ ವಿಷಯ ಚಿಕ್ಕದು, ಆದರೂ ಎಡವುವುದು ಇಲ್ಲೇ. ಅಚ್ಚಾದ ದಿನ ಬೇಡ, ಬರೆದ ದಿನ ಬೇಕು. ಆ ದಿನದ ಹಿಂದೆ ಆರು ತಿಂಗಳು, ಮುಂದೆ ಆರು ತಿಂಗಳು ನಡೆದ ಗೋಲಿಬಾರ್, ಬಂಧನ, ನಿಷೇಧ, ಚುನಾವಣೆ, ಮುಷ್ಕರಗಳ ಪಟ್ಟಿ ಮಾಡಿ ಪಕ್ಕದಲ್ಲಿಟ್ಟುಕೊಂಡು ಓದಿ. 1918ಕ್ಕೆ ಮೊದಲಿನ ರಷ್ಯಾದ ತಾರೀಖುಗಳು ಹಳೆಯ ಪಂಚಾಂಗದವು ಎಂಬುದು ನೆನಪಿರಲಿ. 19ನೇ ಶತಮಾನದಲ್ಲಿ ಅದಕ್ಕೂ ಇಂದಿನ ಪಂಚಾಂಗಕ್ಕೂ 12 ದಿನಗಳ ಅಂತರವಿತ್ತು. ಅಲೆಕ್ಸಾಂಡರ್ ಸತ್ತದ್ದು ಅಲ್ಲಿಯ ಲೆಕ್ಕಕ್ಕೆ ಮಾರ್ಚ್ 1, ನಮ್ಮ ಲೆಕ್ಕಕ್ಕೆ ಮಾರ್ಚ್ 13.

ಏಳು ಕಲಮಿನ ಹಾಳೆ

ಎ4 ಹಾಳೆಯನ್ನು ಅಡ್ಡಲಾಗಿಟ್ಟು ಏಳು ಕಲಂ ಎಳೆಯಿರಿ. ಒಂದು ಕಾಗದಕ್ಕೆ ಒಂದು ಹಾಳೆ. ಮೊದಲ ಕಲಮಿನಲ್ಲಿ ಬರಹ ಯಾವುದನ್ನು ‘ಹಿಂಸೆ’ ಎಂದು ಕರೆಯುತ್ತದೆ, ಎರಡರಲ್ಲಿ ಗುರಿ, ಮೂರರಲ್ಲಿ ಷರತ್ತು, ನಾಲ್ಕರಲ್ಲಿ ಮಿತಿ, ಐದರಲ್ಲಿ ತೀರ್ಮಾನ ಯಾರದು, ಆರರಲ್ಲಿ ಯಾರ ಜೊತೆ ವಾದ ನಡೆಯುತ್ತಿದೆ, ಏಳರಲ್ಲಿ ಬಲಿಯಾದವರ ಬಗ್ಗೆ ಏನಿದೆ.

ಮೂರು ಬಾರಿ ಓದಿ. ಮೊದಲ ಸಲ ಪೆನ್ನು ಹಿಡಿಯದೆ ಕೊನೆಯವರೆಗೆ ಓದಿ. ಎರಡನೇ ಸಲ ಕಲಂ ತುಂಬಿ: ಬರೆದವರ ಪದಗಳಲ್ಲೇ, ಪುಟಸಂಖ್ಯೆ ಸಮೇತ. ನಿಮ್ಮ ಮಾತಿನಲ್ಲಿ ಸಾರಾಂಶ ಬರೆದರೆ ನಿಮ್ಮ ತೀರ್ಪು ಅಲ್ಲೇ ನುಸುಳುತ್ತದೆ. ಮೂರನೇ ಸಲ ಖಾಲಿ ಉಳಿದ ಕಲಮುಗಳಿಗಾಗಿ ಮಾತ್ರ ಓದಿ. ಆಗಲೂ ಏನೂ ಸಿಗದಿದ್ದರೆ ಖಾಲಿಯೇ ಬಿಡಿ. ಆ ಖಾಲಿ ಜಾಗವೂ ಮಾಹಿತಿಯೇ. ನಮ್ಮ ಅನುಭವದಲ್ಲಿ ಹೆಚ್ಚಾಗಿ ಖಾಲಿ ಉಳಿಯುವುದು ಐದನೆಯದು ಮತ್ತು ಏಳನೆಯದು. ಯಾರನ್ನು ಹೊಡೆಯಬಹುದು ಎಂಬುದನ್ನು ಪುಟಗಟ್ಟಲೆ ಚರ್ಚಿಸುವ ಬರಹ, ಅದನ್ನು ತೀರ್ಮಾನಿಸುವ ಹಕ್ಕು ಯಾರಿಗೆ ಯಾರಿಂದ ಬಂತೆಂದು ಹೇಳದೇ ಹೋದರೆ ಅದನ್ನು ದಪ್ಪ ಅಕ್ಷರದಲ್ಲಿ ಗುರುತು ಹಾಕಿಕೊಳ್ಳಿ.

ಎರಡನೇ ಕಲಮಿಗೆ ಸ್ವಲ್ಪ ಹೆಚ್ಚು ಗಮನ ಬೇಕು. ‘ಪ್ರಭುತ್ವದ ಮೇಲೆ ದಾಳಿ’ ಎಂಬ ಒಂದೇ ಮಾತಿನೊಳಗೆ ಆಳುವವನ ಪ್ರಾಣ, ಸಾಮಾನ್ಯ ಪೇದೆಯ ಪ್ರಾಣ, ಕಚೇರಿಯ ಕಟ್ಟಡ, ದಾಖಲೆ, ಶಸ್ತ್ರಾಸ್ತ್ರ, ವಿಗ್ರಹ, ಧ್ವಜ ಎಲ್ಲವೂ ಅಡಗಿರುತ್ತವೆ. ಒಂದೊಂದನ್ನೂ ಬಿಡಿಸಿ ಬರೆಯಿರಿ. ವಸ್ತುವಿಗೆ ಹಾನಿ ಮಾಡುವುದು ಹಿಂಸೆಯೇ ಎಂಬುದೇ ಒಂದು ದೊಡ್ಡ ಜಗಳ. 1980ರ ಸೆಪ್ಟೆಂಬರ್ 9ರಂದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಂಟು ಮಂದಿ ಕ್ರೈಸ್ತ ಶಾಂತಿವಾದಿಗಳು ಕಾರ್ಖಾನೆಯೊಳಗೆ ನುಗ್ಗಿ, ಅಣ್ವಸ್ತ್ರ ಕ್ಷಿಪಣಿಯ ಮೂತಿಗಳನ್ನು ಸುತ್ತಿಗೆಯಿಂದ ಜಜ್ಜಿ, ತಮ್ಮ ರಕ್ತವನ್ನು ಸುರಿದು, ಪ್ರಾರ್ಥಿಸುತ್ತ ಬಂಧನಕ್ಕೆ ಕಾದರು. ಅವರ ಪಾಲಿಗೆ ಅದು ಅಹಿಂಸೆಯ ಉತ್ತುಂಗ, ಸರ್ಕಾರದ ಪಾಲಿಗೆ ಅಪರಾಧ. ಇನ್ನೊಂದು ಕಡೆ, 1912ರಿಂದ 1914ರವರೆಗೆ ಕಿಟಕಿ ಗಾಜು ಒಡೆದು ಖಾಲಿ ಮನೆಗಳಿಗೆ ಬೆಂಕಿಯಿಟ್ಟ ಬ್ರಿಟನ್ನಿನ ಮತದಾನ ಹಕ್ಕಿನ ಹೋರಾಟಗಾರ್ತಿಯರು ಅಹಿಂಸೆಯ ಹೆಸರು ಹೇಳಲಿಲ್ಲ. ಮನುಷ್ಯರ ಜೀವವನ್ನು ಬಿಟ್ಟು ಆಸ್ತಿಯ ಮೇಲೆ ಯುದ್ಧ ಎಂದೇ ಸಾರಿದರು. ಎರಡೂ ಕಡೆ ಗುರಿ ವಸ್ತುವೇ, ಅದಕ್ಕೆ ಕೊಟ್ಟ ಹೆಸರು ಮಾತ್ರ ಬೇರೆ.

ಪದಗಳನ್ನು ತೂಗುವುದು

ಕನ್ನಡಕ್ಕೆ ತರುವಾಗ ಮೊದಲು ಕಾಡುವ ಪದ ‘ರಾಜ್ಯ’. ಅದು ದೇಶದ ಒಂದು ಪ್ರಾಂತ್ಯವೂ ಆಗಬಹುದು, ಸೈನ್ಯ, ಪೊಲೀಸ್, ನ್ಯಾಯಾಲಯ, ಅಧಿಕಾರಿವರ್ಗ ಎಲ್ಲ ಸೇರಿದ ಯಂತ್ರವೂ ಆಗಬಹುದು. ಎರಡನೆಯದಕ್ಕೆ ‘ಪ್ರಭುತ್ವ’ ಎಂದೇ ಬರೆಯಿರಿ. ‘ಸರ್ಕಾರ’ ಎಂದರೆ ಸದ್ಯ ಅಧಿಕಾರದಲ್ಲಿರುವವರು. ಸರ್ಕಾರ ಬದಲಾದರೂ ಪ್ರಭುತ್ವ ಉಳಿಯುತ್ತದೆ. ತೀವ್ರಗಾಮಿಗಳ ವಾದದ ಬುಡವೇ ಈ ವ್ಯತ್ಯಾಸವಾದ್ದರಿಂದ, ಇದನ್ನು ಕಲಸಿದ ಅನುವಾದದಲ್ಲಿ ಇಡೀ ಬರಹ ವಿರೋಧಪಕ್ಷದ ಭಾಷಣದಂತೆ ಕೇಳುತ್ತದೆ.

‘ಹಿಂಸೆ’ ಮತ್ತು ‘ಬಲ’ ಬೇರೆ ಬೇರೆ. ತಾವು ಮಾಡುವುದು ಬಲಪ್ರಯೋಗ, ಪ್ರಭುತ್ವ ಮಾಡುವುದು ಹಿಂಸೆ ಎಂದು ಅನೇಕರು ವ್ಯಾಖ್ಯೆಯಲ್ಲೇ ಬೇರ್ಪಡಿಸಿರುತ್ತಾರೆ. ಪ್ರಭುತ್ವವೂ ಹೀಗೆಯೇ ತಿರುಗಿಸಿ ಹೇಳುತ್ತದೆ. ಮೂಲದಲ್ಲಿ ಎರಡು ಪದ ಇದ್ದರೆ ಕನ್ನಡದಲ್ಲೂ ಎರಡಿರಲಿ. ‘ಟೆರರ್’ ಎಂಬ ಪದ ಇನ್ನೂ ಸೂಕ್ಷ್ಮ. ನರೋದ್ನಾಯ ವೋಲ್ಯದವರು ತಮ್ಮ ಮಾರ್ಗಕ್ಕೆ ತಾವೇ ಇಟ್ಟುಕೊಂಡ ಹೆಸರು ಅದು. ಅದನ್ನು ಇಂದಿನ ‘ಭಯೋತ್ಪಾದನೆ’ ಎಂದು ಬದಲಿಸಿದರೆ, ಅವರು ತಮ್ಮನ್ನೇ ಬೈದುಕೊಂಡಂತೆ ಕಾಣುತ್ತದೆ. ಹಳೆಯ ಬರಹಗಳಲ್ಲಿ ‘ಟೆರರ್’ ಎಂದೇ ಉಳಿಸಿ, ಒಂದು ಸಾಲಿನ ವಿವರಣೆ ಕೊಡಿ.

ಸವಿಮಾತು ಹೊದ್ದ ಪದಗಳನ್ನು ಹುಡುಕಿ: ‘ಕ್ರಮ’, ‘ಶಿಕ್ಷೆ’, ‘ನಿರ್ಮೂಲನ’, ‘ಖತಂ’. ನಕ್ಸಲ್‌ಬಾರಿಯ 1967ರ ರೈತದಂಗೆಯ ನಂತರ ಚಾರು ಮಜುಂದಾರ್ ಮುಂದಿಟ್ಟ ‘ವರ್ಗಶತ್ರುಗಳ ಖತಂ’ ಎಂಬ ಮಾತಿನಲ್ಲಿ ‘ವರ್ಗಶತ್ರು’ ಎಂಬುದು ಶಾಸ್ತ್ರದ ಪದ, ಆದರೆ ಸಾಯುವವನು ಹೆಸರಿರುವ ಒಬ್ಬ ಮನುಷ್ಯ. ಪ್ರಭುತ್ವದ ಕಡೆಯ ‘ಎನ್‌ಕೌಂಟರ್’, ‘ಲಘು ಬಲಪ್ರಯೋಗ’, ‘ಪರಿಸ್ಥಿತಿ ಹತೋಟಿಗೆ’ ಎಂಬ ಮಾತುಗಳಿಗೂ ಇದೇ ಪರೀಕ್ಷೆ ಇರಲಿ. ಒಂದೇ ಕಡೆಯ ಸವಿಮಾತನ್ನು ಬಿಡಿಸುವುದು ಅನ್ಯಾಯ.

ಕ್ರಿಯಾಪದಗಳನ್ನೂ ನೋಡಿ. ‘ಠಾಣೆ ಹೊತ್ತಿ ಉರಿಯಿತು’, ‘ಮೂವರು ಹತರಾದರು’ ಎಂಬಲ್ಲಿ ಮಾಡಿದವರೇ ಇಲ್ಲ. ಅಂಥ ವಾಕ್ಯಗಳ ಮುಂದೆ ‘ಯಾರು?’ ಎಂದು ಪೆನ್ಸಿಲ್ಲಿನಲ್ಲಿ ಬರೆಯಿರಿ. ಒಂದೇ ಬರಹದಲ್ಲಿ ಪೊಲೀಸರು ‘ಕೊಂದರು’ ಎಂದಿದ್ದು, ತಮ್ಮವರು ಮಾಡಿದ್ದು ‘ಆಯಿತು’ ಎಂದಿದ್ದರೆ ಅದನ್ನು ಏಳನೇ ಕಲಮಿಗೆ ಸೇರಿಸಿ.

ವಾದದ ಬಗೆಗಳು

ಅತಿ ಹೆಚ್ಚು ಸಿಗುವುದು ಕನ್ನಡಿ ತೋರಿಸುವ ವಾದ: ಹಿಂಸೆ ಆರಂಭಿಸಿದ್ದು ನಾವಲ್ಲ, ಅದು ಮೊದಲಿನಿಂದಲೂ ನಡೆಯುತ್ತಲೇ ಇದೆ. ಒಂದು ಪ್ರದೇಶದೊಳಗೆ ನ್ಯಾಯಸಮ್ಮತ ದೈಹಿಕ ಬಲದ ಏಕಸ್ವಾಮ್ಯ ತನ್ನದೆನ್ನುವುದೇ ಪ್ರಭುತ್ವದ ಲಕ್ಷಣ ಎಂದು ಮ್ಯಾಕ್ಸ್ ವೇಬರ್ 1919ರಲ್ಲಿ ಹೇಳಿದ್ದು ವಿವರಣೆಯಾಗಿ. ತೀವ್ರಗಾಮಿಗಳು ಅದನ್ನು ಆರೋಪಪಟ್ಟಿಯಾಗಿ ಓದುತ್ತಾರೆ. ಯೋಹಾನ್ ಗಾಲ್ಟುಂಗ್ 1969ರಲ್ಲಿ ‘ರಚನಾತ್ಮಕ ಹಿಂಸೆ’ ಎಂಬ ಪರಿಕಲ್ಪನೆ ಕೊಟ್ಟ ಮೇಲೆ, ತಪ್ಪಿಸಬಹುದಾದ ಹಸಿವು ಮತ್ತು ರೋಗಗಳನ್ನೂ ಹಿಂಸೆಯ ಲೆಕ್ಕಕ್ಕೆ ಸೇರಿಸುವುದು ರೂಢಿಯಾಯಿತು. ಇಲ್ಲಿ ಜಾಗ್ರತೆ: ಗಾಲ್ಟುಂಗ್ ಶಾಂತಿ ಅಧ್ಯಯನದ ವಿದ್ವಾಂಸ. ಆ ಪದ ಬಳಸಿದವರೆಲ್ಲ ಶಸ್ತ್ರ ಎತ್ತಬೇಕೆನ್ನುವವರಲ್ಲ. ಹಸಿವು ಹಿಂಸೆ ಎನ್ನುವುದಕ್ಕೂ, ಆದ್ದರಿಂದ ಬಾಂಬು ಸರಿ ಎನ್ನುವುದಕ್ಕೂ ನಡುವೆ ಒಂದು ಹೆಜ್ಜೆಯಿದೆ. ಬರಹ ಆ ಹೆಜ್ಜೆ ಇಟ್ಟಿದೆಯೇ, ಎಲ್ಲಿ ಇಟ್ಟಿದೆ ಎಂದು ಬೆರಳಿಟ್ಟು ತೋರಿಸಲು ನಿಮಗೆ ಆಗಬೇಕು.

ಇನ್ನೊಂದು, ಮುಚ್ಚಿದ ಬಾಗಿಲಿನ ವಾದ. ಮನವಿ ಕೊಟ್ಟೆವು, ಮೆರವಣಿಗೆ ಮಾಡಿದೆವು, ಪಕ್ಷವನ್ನೇ ನಿಷೇಧಿಸಿದರು, ಉಳಿದದ್ದು ಇದೊಂದೇ. 1964ರ ಏಪ್ರಿಲ್ 20ರಂದು ನೆಲ್ಸನ್ ಮಂಡೇಲಾ ಕೋರ್ಟಿನಲ್ಲಿ ಮಾಡಿದ ಭಾಷಣ ಇದರ ಮಾದರಿ. ಹಿಂಸೆಯಲ್ಲಿ ನಾಲ್ಕು ಬಗೆ ಎಂದು ಅವರು ಬಿಡಿಸಿ ಹೇಳುತ್ತಾರೆ: ವಿಧ್ವಂಸಕ ಕೃತ್ಯ, ಗೆರಿಲ್ಲಾ ಯುದ್ಧ, ಟೆರರಿಸಂ, ಬಹಿರಂಗ ಕ್ರಾಂತಿ. ಮೊದಲನೆಯದನ್ನು ಆರಿಸಿಕೊಂಡದ್ದಕ್ಕೆ ಕಾರಣವನ್ನೂ ಕೊಡುತ್ತಾರೆ. ಅದರಲ್ಲಿ ಪ್ರಾಣಹಾನಿ ಇಲ್ಲ, ಮುಂದೆ ಜನಾಂಗಗಳು ಒಟ್ಟಿಗೆ ಬಾಳುವ ದಾರಿ ಮುಚ್ಚುವುದಿಲ್ಲ. ಮೂರನೇ, ನಾಲ್ಕನೇ ಕಲಮುಗಳು ಇಷ್ಟು ಚೆನ್ನಾಗಿ ತುಂಬುವ ದಾಖಲೆ ಅಪರೂಪ. ಈ ವಾದ ಎದುರಾದಾಗ ನೀವು ಮಾಡಬೇಕಾದ ಕೆಲಸ, ಬಾಗಿಲುಗಳನ್ನು ಎಣಿಸುವುದು: ಯಾವುದನ್ನು ಯಾವಾಗ ತಟ್ಟಿದರು, ಯಾರು ಯಾವಾಗ ಮುಚ್ಚಿದರು. ತಟ್ಟದ ಬಾಗಿಲನ್ನೂ ಮುಚ್ಚಿತ್ತೆಂದು ಬರೆದಿರುವುದು ಉಂಟು.

ಕಿಡಿಯ ವಾದ ಬೇರೆ. ಒಂದು ಕೃತ್ಯ ನೂರು ಭಾಷಣಕ್ಕೆ ಸಮ, ಅದನ್ನು ಕಂಡು ಜನ ಏಳುತ್ತಾರೆ ಎಂಬ ನಂಬಿಕೆ. 19ನೇ ಶತಮಾನದ ಕೊನೆಯ ಅರಾಜಕತಾವಾದಿಗಳಲ್ಲಿ ಇದು ಬಲವಾಗಿತ್ತು. ಇದು ನೀತಿಯ ವಾದವಾಗಿ ಕಂಡರೂ ಒಳಗೆ ಇರುವುದು ಭವಿಷ್ಯವಾಣಿ. ಆದ್ದರಿಂದ ಮುಂದೆ ನಡೆದದ್ದರ ಜೊತೆ ಇಟ್ಟು ನೋಡಬಹುದು. ಜನ ಎದ್ದರೇ, ಹೆದರಿ ಮನೆ ಸೇರಿದರೇ, ಹೊಸ ದಮನ ಕಾನೂನು ಬಂತೇ? 1893ರ ಡಿಸೆಂಬರ್ 9ರಂದು ಅರಾಜಕತಾವಾದಿ ಓಗ್ಯುಸ್ತ್ ವಯ್ಯಾಂ ಫ್ರಾನ್ಸಿನ ಸಂಸತ್ತಿನಲ್ಲಿ ಬಾಂಬೆಸೆದಾಗ ಯಾರೂ ಸಾಯಲಿಲ್ಲ. ಕೆಲವೇ ದಿನಗಳಲ್ಲಿ ಪತ್ರಿಕೆಗಳನ್ನೂ ಸಂಘಗಳನ್ನೂ ಹತ್ತಿಕ್ಕುವ ಕಾನೂನು ಬಂತು.

ನಾಲ್ಕನೆಯದು ಮನಸ್ಸಿನ ವಾದ: ತುಳಿಯಲ್ಪಟ್ಟವನು ತಿರುಗಿ ಹೊಡೆದಾಗ ಅವನೊಳಗಿನ ಗುಲಾಮ ಸಾಯುತ್ತಾನೆ. ಇದಕ್ಕೆ ಎಲ್ಲರೂ ಫ್ರಾಂಟ್ಜ್ ಫ್ಯಾನನ್‌ರ 1961ರ ಪುಸ್ತಕದ ಮೊದಲ ಅಧ್ಯಾಯವನ್ನು ಉಲ್ಲೇಖಿಸುತ್ತಾರೆ. ಫ್ಯಾನನ್ ಮನೋವೈದ್ಯರು. ಅದೇ ಪುಸ್ತಕದ ಕೊನೆಯ ಕಡೆಗೆ ಅಲ್ಜೀರಿಯಾ ಯುದ್ಧದ ರೋಗಿಗಳ ವಿವರಗಳಿವೆ: ಹಿಂಸಿಸಿದ ಪೊಲೀಸ್ ಅಧಿಕಾರಿಯೂ ನಿದ್ದೆಗೆಟ್ಟಿದ್ದಾನೆ, ಕೊಂದ ಹೋರಾಟಗಾರನೂ ನಲುಗಿದ್ದಾನೆ. ಮೊದಲ ಅಧ್ಯಾಯ ಓದಿ ಕೊನೆಯದನ್ನು ಬಿಟ್ಟವರು ಫ್ಯಾನನ್‌ರನ್ನು ಅರ್ಧ ಓದಿದ್ದಾರೆ. ಇನ್ನು ಕೆಲವರು ಮುನ್ನುಡಿಯಲ್ಲಿ ಸಾರ್ತ್ರ್ ಬರೆದ ಬಿಸಿ ಮಾತುಗಳನ್ನೇ ಫ್ಯಾನನ್‌ರದೆಂದು ಉಲ್ಲೇಖಿಸುತ್ತಾರೆ. ಪುಟಸಂಖ್ಯೆ ಬರೆದುಕೊಳ್ಳಿ ಎಂದದ್ದು ಇದಕ್ಕೇ.

ವಿರೋಧದಲ್ಲೂ ಬಗೆಗಳಿವೆ. ಟಾಲ್‌ಸ್ಟಾಯ್ ಪ್ರಭುತ್ವವನ್ನೇ ತಿರಸ್ಕರಿಸಿದವರು, ಹಿಂಸೆಯನ್ನೂ ಅಷ್ಟೇ ಸಂಪೂರ್ಣವಾಗಿ ತಿರಸ್ಕರಿಸಿದವರು. ರಷ್ಯಾದ ಕ್ರಾಂತಿಕಾರಿ ಟ್ರಾಟ್ಸ್ಕಿ 1911ರಲ್ಲಿ ವ್ಯಕ್ತಿಗತ ಟೆರರ್ ಅನ್ನು ವಿರೋಧಿಸಿದ್ದು ಬೇರೆ ನೆಲದ ಮೇಲೆ ನಿಂತು. ಮಂತ್ರಿ ಸತ್ತರೆ ಇನ್ನೊಬ್ಬ ಮಂತ್ರಿ ಬರುತ್ತಾನೆ, ಯಂತ್ರ ಹಾಗೇ ಓಡುತ್ತದೆ, ಜನ ಮಾತ್ರ ಯಾರೋ ವೀರ ಬಂದು ಬಿಡಿಸುತ್ತಾನೆಂದು ಕೈಕಟ್ಟಿ ಕೂರುತ್ತಾರೆ. ಹೀಗೆ ಬರೆದ ಮನುಷ್ಯನೇ ಕೆಲವು ವರ್ಷಗಳ ಮೇಲೆ ಕೆಂಪು ಸೇನೆ ಕಟ್ಟಿದ. ಗಾಂಧಿ 1922ರಲ್ಲಿ ಚೌರಿಚೌರಾದಲ್ಲಿ ಪೊಲೀಸರನ್ನು ಸುಟ್ಟದ್ದಕ್ಕೆ ಇಡೀ ಅಸಹಕಾರ ಚಳವಳಿಯನ್ನೇ ನಿಲ್ಲಿಸಿದರು. ಅದೇ ಗಾಂಧಿ 1920ರಲ್ಲಿ, ಹೇಡಿತನ ಮತ್ತು ಹಿಂಸೆ ಎರಡೇ ಮುಂದಿದ್ದರೆ ಹಿಂಸೆಯನ್ನೇ ಸೂಚಿಸುವೆ ಎಂಬರ್ಥದಲ್ಲಿ ಬರೆದಿದ್ದರು. ಆ ಒಂದು ಸಾಲನ್ನು ಕಿತ್ತು ತೋರಿಸುವವರು ಇಂದಿಗೂ ಇದ್ದಾರೆ. ‘ವಿರುದ್ಧ’ ಎಂದು ಬರೆಯುವಾಗ ನೀತಿಯಿಂದಲೋ ತಂತ್ರದಿಂದಲೋ ಎಂಬುದನ್ನು ಕೂಡಲೇ ಸೇರಿಸಿ. ತಂತ್ರದ ವಿರೋಧ ಪರಿಸ್ಥಿತಿ ಬದಲಾದರೆ ಬದಲಾಗುತ್ತದೆ.

ಒಂದು ಹಾಳೆ ತುಂಬಿಸಿ ನೋಡೋಣ

1929ರ ಏಪ್ರಿಲ್ 8ರಂದು ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತ ದೆಹಲಿಯ ಕೇಂದ್ರ ಶಾಸನಸಭೆಯಲ್ಲಿ ಬಾಂಬೆಸೆದು, ಕರಪತ್ರ ತೂರಿ, ಓಡದೆ ನಿಂತರು. ಜೂನ್ 6ರಂದು ಅವರ ಜಂಟಿ ಹೇಳಿಕೆಯನ್ನು ಕೋರ್ಟಿನಲ್ಲಿ ಓದಲಾಯಿತು. ಹಾಳೆಗೆ ಇಳಿಸಿದರೆ ಹೀಗೆ ಬರುತ್ತದೆ.

ಮೊದಲ ಕಲಂ: ಆಕ್ರಮಣಕ್ಕಾಗಿ ಬಳಸಿದ ಬಲ ಹಿಂಸೆ, ಅದಕ್ಕೆ ನೈತಿಕ ಸಮರ್ಥನೆಯಿಲ್ಲ. ನ್ಯಾಯವಾದ ಉದ್ದೇಶಕ್ಕೆ ಬಳಸಿದ ಬಲಕ್ಕೆ ಸಮರ್ಥನೆಯುಂಟು. ಎರಡನೆಯದು: ಗುರಿ ಶಾಸನಸಭೆ ಎಂಬ ಸಂಸ್ಥೆ, ಅಲ್ಲಿದ್ದ ವ್ಯಕ್ತಿಗಳಲ್ಲ. ಮೂರನೆಯದು: ಜನರ ಮಾತಿಗೆ ಸಭೆ ಕಿವಿಗೊಡುತ್ತಿಲ್ಲ, ಕಾರ್ಮಿಕ ವಿವಾದ ಮಸೂದೆಯಂಥವನ್ನು ಹೇರಲಾಗುತ್ತಿದೆ. ನಾಲ್ಕನೆಯದು: ಕೊಲ್ಲುವ ಉದ್ದೇಶವಿರಲಿಲ್ಲ, ಅದಕ್ಕೆ ತಕ್ಕಂತೆ ಖಾಲಿ ಜಾಗಕ್ಕೆ ಎಸೆದೆವು ಎಂಬ ವಾದ. ಐದನೆಯದು ಹೆಚ್ಚುಕಡಿಮೆ ಖಾಲಿ. ಆರನೆಯದು: ಮೇಲ್ನೋಟಕ್ಕೆ ನ್ಯಾಯಾಧೀಶರ ಜೊತೆ ವಾದ, ಒಳಗೆ ಅಹಿಂಸೆಯೊಂದೇ ದಾರಿ ಎನ್ನುವ ದೇಶದ ನಾಯಕರ ಜೊತೆ. ಏಳನೆಯದು: ಗಾಯಗೊಂಡವರ ಮೇಲೆ ದ್ವೇಷವಿಲ್ಲ, ಮನುಷ್ಯಜೀವ ಪವಿತ್ರ ಎಂಬ ಮಾತು. ಇದೇ ಹೇಳಿಕೆಯಲ್ಲಿ ಕ್ರಾಂತಿ ಎಂದರೆ ಬಾಂಬು ಪಿಸ್ತೂಲಿನ ಪೂಜೆಯಲ್ಲ ಎಂಬ ಮಾತೂ ಬರುತ್ತದೆ.

ಇಷ್ಟಕ್ಕೇ ನಿಂತರೆ ಕೆಲಸ ಅರ್ಧವಾದಂತೆ. ಹಿಂದಿನ ಹಾಳೆ ತೆಗೆಯಿರಿ: 1928ರ ಡಿಸೆಂಬರ್ 17ರಂದು ಲಾಹೋರಿನಲ್ಲಿ ಭಗತ್ ಸಿಂಗ್ ಮತ್ತು ಸಂಗಾತಿಗಳು ಮಾಡಿದ ಪೊಲೀಸ್ ಅಧಿಕಾರಿ ಸಾಂಡರ್ಸ್ ಕೊಲೆ. ಮರುದಿನದ ಪ್ರಕಟಣೆಯಲ್ಲಿ ಒಬ್ಬ ಮನುಷ್ಯನನ್ನು ಕೊಂದದ್ದಕ್ಕೆ ವಿಷಾದವಿದೆ, ಅವನು ಅನ್ಯಾಯದ ವ್ಯವಸ್ಥೆಯ ಭಾಗವಾಗಿದ್ದ ಎಂಬ ಸಮರ್ಥನೆಯೂ ಇದೆ. ಅಲ್ಲಿ ಗುರಿ ವ್ಯಕ್ತಿಯೇ. ಮುಂದಿನ ಹಾಳೆ: ವೈಸರಾಯ್ ರೈಲಿನ ಮೇಲಿನ ದಾಳಿಯನ್ನು ಗಾಂಧಿ ಖಂಡಿಸಿದ ಮೇಲೆ, 1930ರ ಜನವರಿಯಲ್ಲಿ ಅವರ ಸಂಘಟನೆಯಾದ ಹಿಂದೂಸ್ತಾನ್ ಸೋಷಿಯಲಿಸ್ಟ್ ರಿಪಬ್ಲಿಕನ್ ಅಸೋಸಿಯೇಷನ್ ಕೊಟ್ಟ ಉತ್ತರ. ಬರೆದವರು ಭಗವತೀ ಚರಣ್ ವೋಹ್ರಾ. ಅದರ ಪ್ರಕಾರ ಟೆರರಿಸಂ ಕ್ರಾಂತಿಯ ಅನಿವಾರ್ಯ ಹಂತ. ಇನ್ನೂ ಮುಂದೆ, 1931ರ ಫೆಬ್ರವರಿ 2ರಂದು, ನೇಣಿಗೆ ಏಳು ವಾರ ಮೊದಲು ಭಗತ್ ಸಿಂಗ್ ಯುವ ಕಾರ್ಯಕರ್ತರಿಗೆ ಬರೆದ ಪತ್ರ: ತಾನು ಟೆರರಿಸ್ಟ್ ಅಲ್ಲ, ಬಹುಶಃ ಆರಂಭದ ದಿನಗಳನ್ನು ಬಿಟ್ಟರೆ. ಬಾಂಬೆಸೆತದಿಂದ ಪ್ರಯೋಜನವಿಲ್ಲ, ಕೆಲವೊಮ್ಮೆ ಹಾನಿಯೇ ಹೆಚ್ಚು. ಆದರೆ ಸೈನಿಕ ವಿಭಾಗ ಇರಲಿ, ಪಕ್ಷದ ಅಧೀನದಲ್ಲಿರಲಿ.

ಎರಡೂಕಾಲು ವರ್ಷ ತುಂಬುವುದರೊಳಗೆ ನಾಲ್ಕು ಹಾಳೆ, ನಾಲ್ಕು ನಿಲುವು. ಕೊನೆಯದನ್ನು ಅಹಿಂಸೆಗೆ ಮನಃಪರಿವರ್ತನೆ ಎಂದೋ, ಮೊದಲನೆಯದೇ ಶಾಶ್ವತ ಎಂದೋ ಬರೆದರೆ, ಇಪ್ಪತ್ಮೂರು ವರ್ಷಕ್ಕೆ ಗಲ್ಲಿಗೇರಿದ ಹುಡುಗ ಜೈಲಿನಲ್ಲಿ ಕೂತು ಓದಿ ಯೋಚಿಸಿದ್ದೆಲ್ಲ ನೀರುಪಾಲಾಗುತ್ತದೆ. ನಿಲುವಿನ ಪಕ್ಕದಲ್ಲಿ ತಿಂಗಳು, ವರ್ಷ ಬರೆಯದೆ ಬಿಡಬೇಡಿ.

ಒಳಗಿನ ಭಿನ್ನಮತ

ಆರನೇ ಕಲಮಿನ ಬೆಲೆ ಹೆಚ್ಚು. ಇಂಥ ಬರಹಗಳ ನಿಜವಾದ ಎದುರಾಳಿ ಬಹುತೇಕ ಸಲ ಪಕ್ಕದಲ್ಲೇ ಕೂತ ಸಂಗಾತಿ. ‘ಕೆಲವು ಸಂಗಾತಿಗಳು ಹೀಗೆನ್ನುತ್ತಾರೆ’, ‘ಆತುರದವರು’, ‘ಹಿಂಜರಿಯುವವರು’ ಎಂಬ ಮಾತು ಕಂಡಲ್ಲಿ ಗುರುತು ಹಾಕಿ, ಆ ‘ಕೆಲವರು’ ಬರೆದದ್ದನ್ನು ಹುಡುಕಿ ಓದಿ. ಚಾರು ಮಜುಂದಾರರ ಖತಂ ಮಾರ್ಗವನ್ನು ಅವರ ಪಕ್ಷದೊಳಗೇ ಟಿಪ್ಪಣಿ ಬರೆದು ವಿರೋಧಿಸಿದ ಸುಶೀತಲ್ ರಾಯ್ ಚೌಧುರಿ ಅಂಥವರು. ಅಮೆರಿಕದ ‘ವೆದರ್’ ಎಂಬ ಎಡಪಂಥೀಯ ಸಶಸ್ತ್ರ ಗುಂಪಿನಲ್ಲಿ 1970ರ ಮಾರ್ಚ್ 6ರಂದು ನ್ಯೂಯಾರ್ಕಿನ ಮನೆಯೊಂದರಲ್ಲಿ ತಾವೇ ತಯಾರಿಸುತ್ತಿದ್ದ ಬಾಂಬು ಸಿಡಿದು ಮೂವರು ಸದಸ್ಯರು ಸತ್ತರು. ಆ ವರ್ಷದ ಕೊನೆಯಲ್ಲಿ ಗುಂಪೇ ಪ್ರಕಟಣೆ ಹೊರಡಿಸಿ, ಶಸ್ತ್ರವೊಂದೇ ಹೋರಾಟ ಎಂದುಕೊಂಡದ್ದು ತಪ್ಪೆಂದಿತು. ಮುಂದೆ ಮುನ್ನೆಚ್ಚರಿಕೆ ಕೊಟ್ಟು ಕಟ್ಟಡಗಳಿಗೆ ಮಾತ್ರ ಗುರಿಯಿಟ್ಟಿತು. ಮಿತಿಯ ಕಲಂ ಹೇಗೆ ತುಂಬಿಕೊಂಡಿತೆಂಬುದಕ್ಕೆ ಆ ಮೂರು ಸಾವುಗಳೇ ವಿವರಣೆ.

ಮಾತು ಒಂದು ಕಡೆ, ನಡೆದದ್ದು ಒಂದು ಕಡೆ

ಮಿತಿ ಬರೆದಿದ್ದಾರೆ ಎಂದಮಾತ್ರಕ್ಕೆ ಮಿತಿ ಉಳಿಯಿತೆಂದು ಅರ್ಥವಲ್ಲ. ಮಂಡೇಲಾ ಆ ಭಾಷಣದಲ್ಲಿ ವಿವರಿಸಿದ ದಕ್ಷಿಣ ಆಫ್ರಿಕಾದ ಸಶಸ್ತ್ರ ಸಂಘಟನೆ ‘ಉಮ್‌ಖೊಂಟೊ ವೆ ಸಿಜ್ವೆ’ 1961ರ ಡಿಸೆಂಬರ್ 16ರಂದು ಕೆಲಸ ಆರಂಭಿಸಿದಾಗ ಯಾರ ಪ್ರಾಣಕ್ಕೂ ಅಪಾಯವಾಗಬಾರದೆಂಬ ಕಟ್ಟಪ್ಪಣೆಯಿತ್ತು. 1983ರ ಮೇ 20ರಂದು ಪ್ರಿಟೋರಿಯಾದ ಚರ್ಚ್ ಸ್ಟ್ರೀಟಿನಲ್ಲಿ ಅದೇ ಸಂಘಟನೆಯ ಕಾರ್ ಬಾಂಬಿಗೆ 19 ಮಂದಿ ಸತ್ತರು, ಅವರಲ್ಲಿ ನಾಗರಿಕರೂ ಇದ್ದರು. ವರ್ಣಭೇದದ ಪ್ರಭುತ್ವವೇ ಮುಖ್ಯ ಅಪರಾಧಿ ಎಂದ ಸತ್ಯ ಮತ್ತು ಸಾಮರಸ್ಯ ಆಯೋಗದ 1998ರ ವರದಿ, ವಿಮೋಚನಾ ಸಂಘಟನೆಯನ್ನೂ ಮಾನವಹಕ್ಕು ಉಲ್ಲಂಘನೆಗೆ ಹೊಣೆ ಮಾಡಿತು. ಉದ್ದೇಶ ನ್ಯಾಯವಾದದ್ದು, ಕೃತ್ಯ ಉಲ್ಲಂಘನೆ: ಎರಡನ್ನೂ ಒಟ್ಟಿಗೆ ಬರೆದ ಆ ವರದಿ ನಮ್ಮ ಕೆಲಸಕ್ಕೆ ಒಳ್ಳೆಯ ಮಾದರಿ. ಪ್ರತಿ ಹಾಳೆಯ ಹಿಂಬದಿಯಲ್ಲಿ ‘ನಡೆದದ್ದು’ ಎಂದು ಬರೆದು, ಘಟನೆ, ದಿನ, ಸತ್ತವರು, ಸಂಘಟನೆ ಆಮೇಲೆ ಹೇಳಿದ್ದು ಇಷ್ಟನ್ನೂ ದಾಖಲಿಸಿ.

ಅಂಕಿಅಂಶ ಸೇರಿಸಬೇಕೆನಿಸಿದರೆ ಒಂದು ಮಾತು. ಎರಿಕಾ ಚೆನೊವೆತ್ ಮತ್ತು ಮರಿಯಾ ಸ್ಟೀಫನ್ 1900ರಿಂದ 2006ರವರೆಗಿನ 323 ಚಳವಳಿಗಳನ್ನು ಹೋಲಿಸಿ, ಅಹಿಂಸಾತ್ಮಕವಾದವುಗಳಲ್ಲಿ ಶೇ 53, ಸಶಸ್ತ್ರವಾದವುಗಳಲ್ಲಿ ಶೇ 26 ಗುರಿ ಮುಟ್ಟಿದವೆಂದು ತೋರಿಸಿದರು. ಇದು ಪರಿಣಾಮದ ಲೆಕ್ಕ. ಪರಿಣಾಮದ ಮೇಲೆ ನಿಂತ ಕಿಡಿಯ ವಾದಕ್ಕೆ ಇದು ತಟ್ಟುತ್ತದೆ, ಆತ್ಮರಕ್ಷಣೆ ಎಂಬ ವಾದಕ್ಕೆ ತಟ್ಟುವುದಿಲ್ಲ. ಒಂದು ಚಳವಳಿಯೊಳಗೆ ಮೆರವಣಿಗೆ, ಕಲ್ಲುತೂರಾಟ ಎರಡೂ ಇದ್ದಾಗ ಅದನ್ನು ಯಾವ ಗುಂಪಿಗೆ ಸೇರಿಸಿದರೆಂಬುದನ್ನೂ ನೋಡಿಕೊಂಡು ಬಳಸಿ.

ಶಸ್ತ್ರ ಕೆಳಗಿಟ್ಟಾಗಿನ ಕಾಗದ

ಸಂಘಟನೆಯ ಕೊನೆಯ ಕಾಗದವನ್ನು ತಪ್ಪದೆ ಓದಿ. ಮೊದಲ ಪ್ರಣಾಳಿಕೆಗಿಂತ ಹೆಚ್ಚು ವಿಷಯ ಅಲ್ಲಿ ಸಿಗುತ್ತದೆ. 1970ರಲ್ಲಿ ಹುಟ್ಟಿದ ಜರ್ಮನಿಯ ಎಡಪಂಥೀಯ ಸಶಸ್ತ್ರ ಗುಂಪು ‘ರೆಡ್ ಆರ್ಮಿ ಫ್ಯಾಕ್ಷನ್’ 1998ರ ಏಪ್ರಿಲ್‌ನಲ್ಲಿ ವಿಸರ್ಜನೆಯ ಪತ್ರ ಹೊರಡಿಸಿದಾಗ, ಸತ್ತ ತಮ್ಮವರ ಹೆಸರುಗಳನ್ನು ಒಂದೊಂದಾಗಿ ಸ್ಮರಿಸಿತು. ತಾವು ಕೊಂದವರಲ್ಲಿ ಒಬ್ಬರ ಹೆಸರೂ ಆ ಸ್ಮರಣೆಯಲ್ಲಿ ಇರಲಿಲ್ಲ. ಐರಿಷ್ ರಿಪಬ್ಲಿಕನ್ ಆರ್ಮಿ 2002ರ ಜುಲೈನಲ್ಲಿ ಕ್ಷಮೆ ಕೇಳಿದ್ದು ಹೋರಾಟಕ್ಕೆ ಸೇರದ ನಾಗರಿಕರ ಕುಟುಂಬಗಳಲ್ಲಿ. ಸೈನಿಕರ, ಪೊಲೀಸರ ಮನೆಯವರ ದುಃಖವನ್ನು ಒಪ್ಪಿಕೊಂಡಿತು, ಆದರೆ ಅಲ್ಲಿ ‘ಕ್ಷಮೆ’ ಎಂಬ ಪದ ಬಳಸಲಿಲ್ಲ. ಸ್ಪೇನಿನ ಬಾಸ್ಕ್ ಪ್ರದೇಶದ ಪ್ರತ್ಯೇಕತಾವಾದಿ ಸಂಘಟನೆ ‘ಎಟಾ’ 2018ರ ಏಪ್ರಿಲ್‌ನಲ್ಲಿ ಇದೇ ಬಗೆಯ ಗೆರೆ ಎಳೆಯಿತು. ಸಂಘರ್ಷದಲ್ಲಿ ನೇರ ಪಾತ್ರವಿಲ್ಲದವರಿಗೆ ಕ್ಷಮೆ, ಉಳಿದವರಿಗೆ ವಿಷಾದ. ಹುಟ್ಟಿದಾಗ ಎಳೆದ ‘ನ್ಯಾಯವಾದ ಗುರಿ’ಯ ಗೆರೆ ಸಾಯುವಾಗಲೂ ಎಲ್ಲಿತ್ತೆಂದು ಈ ಕಾಗದಗಳು ತೋರಿಸುತ್ತವೆ.

ಇಂಥ ಕಾಗದ ಸಿಕ್ಕಾಗ ಎರಡು ಪಟ್ಟಿ ಮಾಡಿ. ಒಂದರಲ್ಲಿ ಅವರು ಹೆಸರಿಸಿದ ಸತ್ತವರು. ಇನ್ನೊಂದರಲ್ಲಿ ಅವರ ಕೈಯಿಂದ ಸತ್ತವರು, ಆ ಕಾಲದ ಪತ್ರಿಕೆ ಮತ್ತು ಕೋರ್ಟ್ ದಾಖಲೆಯಿಂದ. ಪ್ರಭುತ್ವದ ಕೈಯಿಂದ ಸತ್ತವರ ಮೂರನೇ ಪಟ್ಟಿಯನ್ನೂ ಅದೇ ಕಾಳಜಿಯಿಂದ ತಯಾರಿಸಿ, ಸರ್ಕಾರಿ ಪ್ರಕಟಣೆಯೊಂದನ್ನೇ ನಂಬಬೇಡಿ. ಪೇದೆಯಾಗಲಿ, ಕಾರ್ಯಕರ್ತನಾಗಲಿ, ದಾರಿಯಲ್ಲಿ ಹೋಗುತ್ತಿದ್ದವಳಾಗಲಿ, ಹೆಸರು, ವಯಸ್ಸು, ಕಸುಬು ಬರೆಯಿರಿ. ಬದುಕಿರುವ ಕಾರ್ಯಕರ್ತರನ್ನು ಮಾತಾಡಿಸಿ ಪಡೆದ ಮಾಹಿತಿಯಾದರೆ ಮಾತ್ರ ಕ್ರಮ ಬೇರೆ. ಹೆಸರಿನ ಬದಲು ಸಂಕೇತ ಬಳಸಿ, ಸಂಕೇತದ ಕೀಲಿಯನ್ನು ಬೇರೆ ಕಡೆ ಇಡಿ, ವಿಚಾರಣೆಯಲ್ಲಿರುವ ಪ್ರಕರಣದ ಬಗ್ಗೆ ಏನನ್ನೂ ಕೇಳಬೇಡಿ, ನಿಷೇಧಿತ ಬರಹ ಇಟ್ಟುಕೊಳ್ಳುವ ಮೊದಲು ವಕೀಲರನ್ನು ವಿಚಾರಿಸಿ. ಮೂರು ಪಟ್ಟಿಗಳನ್ನೂ ಏಳು ಕಲಮಿನ ಹಾಳೆಗಳ ಜೊತೆ ಒಂದೇ ಫೈಲಿನಲ್ಲಿ ಹೊಲಿದಿಡಿ.